ಚಿತ್ರ ಬಿಡಿಸುವುದು



ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದ ಕಾಲ. ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಆನೆಯ ಚಿತ್ರ ಬರೆದು ತಂದಳು. ಹಾಳೆಯ ಕೆಳಭಾಗದಲ್ಲಿ ದಪ್ಪನೆಯ ನಾಲ್ಕು ಕಂಬ, ಅವುಗಳ ಹಿಂದೆ ಮುಂದೆ ಗೀಚಿದ ಪೊದೆ, ಮೇಲೆಲ್ಲ ಬರೀ ಹಸಿರು. ಸೊಂಡಿಲಿಲ್ಲ, ಮೊರದಂಥ ಕಿವಿಯಿಲ್ಲ, ದಂತವಿಲ್ಲ. "ಆನೆ ಎಲ್ಲಮ್ಮ?" ಎಂದೆ. ಕಂಬಗಳ ಮೇಲೆ ಬೆರಳಿಟ್ಟಳು. "ಮಿಕ್ಕಿದ್ದು?" ಎಂದೆ. "ಕಾಡಲ್ಲಿ ಅಷ್ಟೇ ಕಾಣೋದು ಸಾ" ಎಂದಳು.

ನಾನು ಅವಳಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಪುಸ್ತಕದಲ್ಲಿರುವ ಆನೆಯನ್ನು ನೋಡಿ ಇನ್ನೊಂದು ಬರೆದು ತಾ ಅಂದೆ. ಮಾರನೆಯ ದಿನ ತಂದಳು. ಸೊಂಡಿಲು, ಕಿವಿ, ಬಾಲ ಎಲ್ಲ ಸರಿಯಾಗಿತ್ತು. ಆ ಎರಡನೆಯ ಚಿತ್ರ ಹೇಗಿತ್ತೆಂದು ಇವತ್ತು ನನಗೆ ನೆನಪಿಲ್ಲ. ಮೊದಲನೆಯದು ಮಾತ್ರ ಕಣ್ಣಿಂದ ಹೋಗಿಲ್ಲ. ಲಾಂಟಾನ ಪೊದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತ ಏಳೆಂಟು ವರ್ಷದ ಮಗುವಿನ ಎತ್ತರಕ್ಕೆ ಆನೆ ಎಂದರೆ ನಾಲ್ಕು ಕಾಲು. ಅವಳು ತಾನು ಎಲ್ಲಿದ್ದಳೋ ಅಲ್ಲಿಂದ ಬರೆದಿದ್ದಳು. ನಾನು ಅವಳನ್ನು ಆ ಜಾಗದಿಂದ ಎಬ್ಬಿಸಿ ಪಠ್ಯಪುಸ್ತಕದ ಮುಂದೆ ಕೂರಿಸಿದ್ದೆ.

ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು, ಕಾವ್ಯ ಕಾದಂಬರಿಗಳ ನಡುವೆ ಒಂದು ವರ್ಷವಾದರೂ ಚಿತ್ರಕಲೆಯ ಬಗ್ಗೆ ಮಾತಾಗಲಿ ಎಂದು ಬಯಸಿದ್ದರಂತೆ. ಅವರಿಗೆ ನಮಸ್ಕಾರ ಹೇಳಿ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಈ ನಾಲ್ಕೂ ತಾಲ್ಲೂಕುಗಳಿಂದ ಹುಣಸೂರಿಗೆ ಬಂದು ಕೂತಿರುವ ನಿಮ್ಮ ಮುಂದೆ ಒಂದೇ ಒಂದು ಮಾತನ್ನು ಇಡಬೇಕೆಂದು ಬಂದಿದ್ದೇನೆ. ಚಿತ್ರಪ್ರದರ್ಶನಗಳಲ್ಲಿ ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆ "ಇದರಲ್ಲಿ ಏನು ಹೇಳಕ್ಕೆ ಹೊರಟಿದ್ದೀರಿ ಸಾರ್?" ಎಂಬುದು. ಕೇಳುವವರದು ತಪ್ಪಲ್ಲ. ಆ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಇದೆ: ಚಿತ್ರಕಾರನ ತಲೆಯಲ್ಲಿ ಮೊದಲೇ ಒಂದು ವಿಷಯ ಸಿದ್ಧವಾಗಿರುತ್ತದೆ, ಅದನ್ನು ಅವನು ಬಣ್ಣದ ಲಕೋಟೆಯೊಳಗೆ ಹಾಕಿ ಅಂಟಿಸುತ್ತಾನೆ, ನೋಡುವವರು ಲಕೋಟೆ ಒಡೆದು ಓದಿಕೊಳ್ಳಬೇಕು ಎಂದು. ಬಹುಪಾಲು ಚಿತ್ರಕಾರರು ಹಾಗೆ ಕೆಲಸ ಮಾಡುವುದಿಲ್ಲ. ಉದ್ದೇಶ ಅವರಿಗೆ ನೋಡುತ್ತ ನೋಡುತ್ತ, ಕೈ ಆಡುತ್ತ ಆಡುತ್ತ ಸಿಕ್ಕುವಂಥದು.

ಇದನ್ನು ನಮ್ಮ ಭಾಷೆ ಚೆನ್ನಾಗಿ ಬಲ್ಲದು. ನಾವು ಚಿತ್ರ 'ಬರೆಯುತ್ತೇವೆ', ಚಿತ್ರ 'ಬಿಡಿಸುತ್ತೇವೆ'. ಗಂಟು ಬಿಡಿಸುವುದು, ಒಗಟು ಬಿಡಿಸುವುದು, ಅವರೆಕಾಯಿ ಬಿಡಿಸುವುದು, ಚಿತ್ರ ಬಿಡಿಸುವುದು ಎಲ್ಲಕ್ಕೂ ಒಂದೇ ಕ್ರಿಯಾಪದ. ಸಿಪ್ಪೆಯೊಳಗೆ ಕಾಳಿದೆ, ಎಷ್ಟಿದೆ, ಎಳೆಯದೋ ಬಲಿತದ್ದೋ, ಹುಳ ಹೊಕ್ಕಿದೆಯೋ ಎನ್ನುವುದು ಬಿಡಿಸಿದ ಮೇಲೆ ಗೊತ್ತಾಗುತ್ತದೆ. ಈ ಪದವನ್ನು ಮಾಡಿದವರು ಯಾರೋ, ಅವರು ಚಿತ್ರ ಬಿಡಿಸಿದವರೇ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮ ನಾಡಿನ ಒಬ್ಬ ದೊರೆ ಇದನ್ನು ಶಾಸ್ತ್ರವಾಗಿಯೇ ಬರೆದಿಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ 'ಮಾನಸೋಲ್ಲಾಸ' ಸಂಸ್ಕೃತದಲ್ಲಿದೆ. ಅಡುಗೆ, ಆನೆ, ಆಟಗಳಿಂದ ಹಿಡಿದು ರಾಜನ ಬದುಕಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಚಿತ್ರದ ಭಾಗದಲ್ಲಿ ಅವನು ಐದು ಬಗೆ ಹೇಳುತ್ತಾನೆ. ಕನ್ನಡಿಯೊಳಗಿನ ಬಿಂಬದ ಹಾಗೆ ಇದ್ದದ್ದನ್ನು ಇದ್ದಂತೆ ತೋರಿಸಿದರೆ ಅದು ವಿದ್ಧಚಿತ್ರ. ಬರೆಯುತ್ತೇನೆ ಎಂಬ ಎಣಿಕೆ ಥಟ್ಟನೆ ಹುಟ್ಟಿ, ಬರೀ ಆಕಾರವಷ್ಟೇ ಮೂಡಿ ನಿಂತರೆ ಅವಿದ್ಧಚಿತ್ರ. ನೋಡಿದ ಕೂಡಲೇ ಶೃಂಗಾರವೋ ಕರುಣೆಯೋ ಮನಸ್ಸಿಗೆ ತಟ್ಟುವಂತಿದ್ದರೆ ಭಾವಚಿತ್ರ. ನೀರಿನಂಥ ಬಣ್ಣದಿಂದ ಬರೆದದ್ದು ರಸಚಿತ್ರ, ಪುಡಿಯಿಂದ ಬರೆದದ್ದು ಧೂಳಿಚಿತ್ರ. ನಿಮ್ಮ ಮನೆಯ ಅಂಗಳದ ರಂಗೋಲಿ ಆ ಐದನೆಯದು. ಈಗ ನಾವು ಫೋಟೋಗೆ ಭಾವಚಿತ್ರ ಎನ್ನುತ್ತೇವೆ. ಸೋಮೇಶ್ವರನ ಲೆಕ್ಕದಲ್ಲಿ ಅದಕ್ಕೆ ವಿದ್ಧವೆಂಬ ಹೆಸರೇ ಒಪ್ಪುವುದು.

ನನ್ನ ಮನಸ್ಸು ನಿಲ್ಲುವುದು ಆ ಎರಡನೆಯ ಬಗೆಯ ಮೇಲೆ. ಬರೆಯಬೇಕು ಎಂಬ ಎಣಿಕೆ ಇದೆ; ಏನನ್ನು ಹೇಳಬೇಕು ಎಂಬುದು ಇನ್ನೂ ಇಲ್ಲ. ಒಂಬೈನೂರು ವರ್ಷದ ಹಿಂದೆ ಒಬ್ಬ ಅರಸ ಅದಕ್ಕೂ ಒಂದು ಹೆಸರಿಟ್ಟು ಚಿತ್ರಗಳ ಸಾಲಿನಲ್ಲಿ ಕೂರಿಸಿದ. ನಾನು ಆ ಹುಡುಗಿಗೆ ಕೊಟ್ಟದ್ದು ನಾಲ್ಕು ಅಂಕ.

ನೋಡುವುದು ಎಂದರೇನು ಎಂದು ತಿಳಿಯಲು ಚಿತ್ರಶಾಲೆಗೇ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆಲ್ಲ ಹೊಗೆಸೊಪ್ಪು ಗೊತ್ತು. ಬ್ಯಾರನ್ನಿನಲ್ಲಿ ಬೆಂದ ಸೊಪ್ಪನ್ನು ಇಳಿಸಿದ ಮೇಲೆ ಹರಾಜಿಗೆ ಹೋಗುವ ಮೊದಲು ಗ್ರೇಡ್ ಮಾಡಬೇಕು. ಹೆಂಗಸರು ಬಾಗಿಲ ಬೆಳಕಿಗೆ ಮುಖ ಮಾಡಿ ಕೂತು ಒಂದೊಂದೇ ಎಲೆ ಎತ್ತಿ ಬೇರೆ ಬೇರೆ ಗುಡ್ಡೆಗೆ ಹಾಕುತ್ತಾರೆ. ನಿಂಬೆಹಣ್ಣಿನ ಹಳದಿ, ಕಿತ್ತಳೆ, ಕಂದು ತಿರುಗಿದ್ದು, ಹಸಿರು ಉಳಿದದ್ದು, ಚುಕ್ಕೆ ಬಿದ್ದದ್ದು. ನಮಗೆ ಎಲ್ಲವೂ ಒಣಗಿದ ಸೊಪ್ಪು. ಅವರಿಗೆ ಹಳದಿಯೊಳಗೇ ಎಷ್ಟೋ ಹಳದಿ. ಪಿರಿಯಾಪಟ್ಟಣದ ಹತ್ತಿರ ಒಂದು ಬ್ಯಾರನ್ನಿನ ಮುಂದೆ ಬಣ್ಣದ ಡಬ್ಬಿ ಇಟ್ಟುಕೊಂಡು ಆ ಗುಡ್ಡೆಗಳನ್ನು ಬರೆಯಲು ಕೂತಿದ್ದೆ. ಎರಡು ಗುಡ್ಡೆಗಳ ನಡುವಿನ ವ್ಯತ್ಯಾಸ ಎಷ್ಟು ಬೆರೆಸಿದರೂ ನನಗೆ ಸಿಗಲಿಲ್ಲ. "ಇದು ಈ ಗುಡ್ಡೆಗೆ, ಅದು ಆ ಗುಡ್ಡೆಗೆ ಅಂತ ಹೆಂಗೆ ಹೇಳ್ತೀಯವ್ವ?" ಎಂದು ಒಬ್ಬ ವಯಸ್ಸಾದ ಹೆಂಗಸನ್ನು ಕೇಳಿದೆ. ಅವರು ಕೈ ನಿಲ್ಲಿಸದೆ, "ಹೇಳಕ್ಕಾಗಕಿಲ್ಲ ಕಣಪ್ಪ, ಕೈಗೆ ಬಂದ್ರೆ ಗೊತ್ತಾಯ್ತದೆ" ಅಂದರು.

ಈ ಬೆಳೆಯ ಒಳಿತು ಕೆಡುಕು ಬೇರೆ ದಿನದ ಮಾತು. ಆದರೆ ಆ ಉತ್ತರವನ್ನು ಕೇಳಿದ ಮೇಲೆ ನನಗೆ ಬಣ್ಣದ ಪಾಠ ಹೊಸದಾಗಿ ಶುರುವಾಯಿತು. ಕಣ್ಣು ಒಂದೇ ನೋಡುವುದಿಲ್ಲ. ವರ್ಷಗಟ್ಟಲೆ ಒಂದೇ ಕೆಲಸ ಮಾಡಿದ ಕೈಯೂ ಜೊತೆಗೂಡಿ ನೋಡುತ್ತದೆ. 'ಹಳದಿ' ಎಂಬ ಹೆಸರು ಗೊತ್ತಿದ್ದವನು ಹೆಸರನ್ನು ನೋಡಿ ಮುಂದೆ ಹೋಗಿಬಿಡುತ್ತಾನೆ. ಚುಂಚನಕಟ್ಟೆಯ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಬೆನ್ನ ಮೇಲೆ ಅಂಗೈ ಆಡಿಸಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಮಾತಿಗೆ ಕೂರುವ ಕೆ.ಆರ್. ನಗರದ ರೈತನೂ ಹೀಗೆಯೇ ನೋಡುವವನು. ಚಿತ್ರಕಾರನಾಗಲು ಬೇಕಾದ ಅರ್ಧ ವಿದ್ಯೆ ನಮ್ಮ ಹೊಲ, ಕಣ, ಜಾತ್ರೆಗಳಲ್ಲಿ ಆಗಲೇ ಇದೆ.

ಹೀಗೆ ನೋಡುವುದನ್ನೇ ಬದುಕು ಮಾಡಿಕೊಂಡವರು ಮೈಸೂರಿನ ಕೆ. ವೆಂಕಟಪ್ಪನವರು. ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನದಲ್ಲಿ ಹುಟ್ಟಿದವರು. ಚಿನ್ನದ ರೇಕು ಅಂಟಿಸುವುದು, ಬಳಪ ಬಣ್ಣ ಅರೆಯುವುದು ಅವರಿಗೆ ಮನೆಯ ಕೆಲಸ. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಅವರು ಕಲ್ಕತ್ತೆಗೆ ಹೋಗಿ 1909ರ ಹೊತ್ತಿಗೆ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರು ಅವರ ಜೊತೆಗಾರರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹೆಸರಿನಲ್ಲಿ 1913ರಲ್ಲಿ ಬಂದ ಪುರಾಣಕಥೆಗಳ ಪುಸ್ತಕದಲ್ಲಿ ರಾಮಾಯಣದ ಚಿತ್ರಗಳು ವೆಂಕಟಪ್ಪನವರವು.

ಅವನೀಂದ್ರರ ಪಾಠದ ತಿರುಳು ಇದು: ಎದುರಿಗಿರುವ ವಸ್ತುವಿಗೆ ಕಟ್ಟುಬೀಳಬೇಡ, ಕಂಡದ್ದನ್ನು ಒಳಕ್ಕೆ ತೆಗೆದುಕೋ, ಮನಸ್ಸಿನಲ್ಲಿ ನಿಂತದ್ದನ್ನು ಬರೆ. ಯುರೋಪಿನ ಮಾದರಿಯ ಕಲಾಶಾಲೆಗಳಲ್ಲಿ ಗಚ್ಚಿನ ಗೊಂಬೆಯನ್ನು ಎದುರಿಗಿಟ್ಟು ನಕಲು ಮಾಡಿಸುತ್ತಿದ್ದ ಕಾಲದಲ್ಲಿ ಅದು ದೊಡ್ಡ ಬಿಡುಗಡೆಯ ಮಾತು. ವೆಂಕಟಪ್ಪ ಅದನ್ನು ಗುರುವಿನ ಎದುರಿನಲ್ಲಿ ಕಲಿತರು. ಮೈಸೂರಿಗೆ ಹಿಂತಿರುಗಿ, ವರ್ಷಗಳು ಕಳೆದ ಮೇಲೆ, 1920ರ ದಶಕದಲ್ಲಿ ಊಟಿಗೆ ಹೋಗಿ ಬೆಟ್ಟದ ಮುಂದೆ ಕೂತರು. ಆಗ ಮಾಡಿದ್ದು ಗುರು ಹೇಳಿದ್ದಕ್ಕೆ ತಿರುಗುಮುರುಗು. ನೆನಪಿನಿಂದ ಬರೆಯಲಿಲ್ಲ, ಎದುರಿಗೆ ಕೂತು ಬರೆದರು. ಆ ಜಲವರ್ಣಗಳಲ್ಲಿ ಮಂಜು ಇದೆ, ಮಳೆ ನಿಂತ ಗಳಿಗೆಯ ಬೆಳಕಿದೆ, ಕೆರೆಯ ಮೇಲಿನ ಸಂಜೆ ಇದೆ. ಮನುಷ್ಯರು ಇಲ್ಲವೆನ್ನುವಷ್ಟು ಕಡಿಮೆ. ದೂರದ ಮರದ ಕೊಂಬೆಯನ್ನೂ ಅವರು ಉಡಾಫೆಯಿಂದ ಬರೆದಿಲ್ಲ.

ಮೇಲುನೋಟಕ್ಕೆ ಇದು ಸೋಮೇಶ್ವರ ಹೇಳಿದ ವಿದ್ಧಚಿತ್ರ, ಕನ್ನಡಿಯ ಬಿಂಬ. ಆದರೆ ಮಂಜನ್ನು ಯಾವ ಕನ್ನಡಿ ಹಿಡಿದು ನಿಲ್ಲಿಸೀತು? ಒಂದು ಕಾಗದ ಒದ್ದೆ ಮಾಡಿ, ಬಣ್ಣ ಹಚ್ಚಿ, ಅದು ಆರುವುದರೊಳಗೆ ಮಂಜು ಬೇರೆ ಕಡೆ ಸರಿದಿರುತ್ತದೆ. ಬರೆಯುವವನು ಕಂಡ ಎಷ್ಟೋ ಮಂಜುಗಳಿಂದ ಒಂದು ಮಂಜನ್ನು ಆರಿಸಬೇಕು. ಆರಿಸಿದ ಆ ಕ್ಷಣದಲ್ಲಿ ಉದ್ದೇಶ ಹುಟ್ಟಿತು. ಊಟಿಗೆ ಹೊರಡುವಾಗ ಅದು ಅವರ ಪೆಟ್ಟಿಗೆಯಲ್ಲಿ ಇರಲಿಲ್ಲ. ಹಾಗೆ ನೋಡಿದರೆ ಅವರು ಗುರುವಿನ ಮಾತನ್ನು ಮೀರಿಯೂ ಇಲ್ಲ. ಕಂಡದ್ದು ಒಳಕ್ಕೆ ಹೋಗದೆ ಅಂಥ ಮಂಜು ಕಾಗದದ ಮೇಲೆ ಇಳಿಯುವುದಿಲ್ಲ. ದಕ್ಷಿಣ ಫ್ರಾನ್ಸಿನ ಚಿತ್ರಕಾರ ಸೆಜಾನ್ ತನ್ನ ಊರಿನ ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಬರೆದದ್ದೂ ಇದೇ ಹಟದಿಂದ. ವೆಂಕಟಪ್ಪ ಅವನ ದಾರಿ ಹಿಡಿದವರಲ್ಲ, ಅವರ ಕುಂಚದ ಕೆಲಸವೇ ಬೇರೆ. ಬೆಟ್ಟದ ಮುಂದೆ ಕೂತವರಿಗೆ ಬೆಟ್ಟವೇ ಆ ಹಟವನ್ನು ಕಲಿಸುತ್ತದೆ ಎಂದು ಕಾಣುತ್ತದೆ.

ನಮ್ಮ ಬೆಟ್ಟದಪುರದ ಬೆಟ್ಟವನ್ನೇ ತೆಗೆದುಕೊಳ್ಳಿ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟ. ಜೂನ್ ತಿಂಗಳಲ್ಲಿ ಮೋಡ ಇಳಿದಾಗ ಅದು ಹತ್ತಿರ ಬಂದಂತಿರುತ್ತದೆ. ಫೆಬ್ರುವರಿಯ ಮಧ್ಯಾಹ್ನ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ದೂರ ಸರಿಯುತ್ತದೆ. ಸಂಜೆ ನೇರಳೆ. ಮೂವತ್ತು ವರ್ಷ ಆ ಬೆಟ್ಟ ನೋಡಿದ್ದೇನೆ. ಅದು ಹಸಿರಾಗಿ ಕಂಡ ದಿನಗಳು ಕಡಿಮೆ. ಆದರೂ ಬೆಟ್ಟ ಬರೆಯಿರಿ ಎಂದರೆ ಮಕ್ಕಳ ಕೈ ಹಸಿರು ಕ್ರೇಯಾನಿಗೇ ಹೋಗುತ್ತದೆ. ಅವರಿಗೆ ಹಾಗೆ ಕಲಿಸಿದವರು ನಾವು.

ವೆಂಕಟಪ್ಪನವರ ಬಗ್ಗೆ ಇನ್ನೊಂದು ಸಂಗತಿ. ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಕಾಲಕ್ಷೇಪಕ್ಕಲ್ಲ, ಕುಂಚವನ್ನೇ ಬದಿಗೆ ತಳ್ಳುವಷ್ಟು ತೀವ್ರವಾಗಿ. ಆ ಹುಚ್ಚನ್ನೇ ವಸ್ತುವಾಗಿಸಿ 1926ರಲ್ಲಿ ಒಂದು ಚಿತ್ರವನ್ನೂ ಬರೆದರು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಮಾರ್ಕಂಡೇಯ ಮುನಿ ವಜ್ರನೆಂಬ ರಾಜನಿಗೆ ಹೇಳುವುದು ಇದನ್ನೇ: ನೃತ್ಯ ತಿಳಿಯದೆ ಚಿತ್ರ ತಿಳಿಯದು, ವಾದ್ಯ ತಿಳಿಯದೆ ನೃತ್ಯ ತಿಳಿಯದು, ಗೀತವಿಲ್ಲದೆ ವಾದ್ಯವಿಲ್ಲ. ಅದೇ ಗ್ರಂಥ ಇನ್ನೊಂದು ಅಳತೆಗೋಲನ್ನೂ ಕೊಡುತ್ತದೆ. ಮಲಗಿದವನಿಗೂ ಸತ್ತವನಿಗೂ ಇರುವ ಭೇದವನ್ನು ಬರೆದು ತೋರಿಸಬಲ್ಲವನು ಚಿತ್ರ ಬಲ್ಲವನು. ಎರಡೂ ಮೈಗಳ ರೇಖೆ ಹೆಚ್ಚುಕಡಿಮೆ ಒಂದೇ. ಉಸಿರನ್ನು ಎಲ್ಲಿಂದ ಬರೆಯುವುದು? ಮನೆಯಲ್ಲಿ ಕಾಯಿಲೆಯವರ ಪಕ್ಕ ರಾತ್ರಿ ಕೂತವರಿಗೆ ಅದು ಗೊತ್ತು. ಅವರ ಕಣ್ಣು ಹೊದಿಕೆಯ ಮೇಲೆಯೇ ಇರುತ್ತದೆ.

ನೃತ್ಯ ತಿಳಿಯದೆ ಚಿತ್ರ ತಿಳಿಯದು ಎಂಬ ಆ ಮಾತಿಗೆ ಇನ್ನೊಬ್ಬರು ಸಾಕ್ಷಿ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು, 1911ರಲ್ಲಿ ಉಡುಪಿಯ ಸೀಮೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದವರು, ಲಯವನ್ನು ಮೈಯಿಂದಲೇ ಅರಿಯಬೇಕೆಂದು ಕಥಕ್ ಕಲಿತರು. ವೇದಿಕೆ ಹತ್ತುವ ಆಸೆಯಿಂದಲ್ಲ, ರೇಖೆಗಾಗಿ. 'ಹಾಡುವ ರೇಖೆ' ಎಂದು ಅವರ ರೇಖಾಚಿತ್ರಗಳಿಗೆ ಹೆಸರು ನಿಂತಿತು. ಕುಣಿಯುವವಳ ಕಾಲು, ತಮಟೆ ಹೊಡೆಯುವವನ ತೋಳು ಅವರಲ್ಲಿ ಎರಡು ಮೂರು ಎಳೆತದಲ್ಲಿ ಮುಗಿದುಹೋಗುತ್ತವೆ. ವೆಂಕಟಪ್ಪನವರದು ಕಾದು ಕೂತು ನೋಡುವ ಕಣ್ಣು, ಹೆಬ್ಬಾರರದು ಜೊತೆಗೆ ಹೆಜ್ಜೆ ಹಾಕಿ ನೋಡುವ ಕಣ್ಣು. ನನಗೆ ಯಾವುದು ಹೆಚ್ಚು ಎಂದು ಕೇಳಿದರೆ ವೆಂಕಟಪ್ಪನವರ ಕಡೆಗೇ ವಾಲುತ್ತೇನೆ.

ಈಗ ನಮ್ಮ ನಾಲ್ಕು ತಾಲ್ಲೂಕುಗಳಲ್ಲೇ ಇರುವ, ನಾವು ಸರಿಯಾಗಿ ಕಣ್ಣಿಟ್ಟು ನೋಡದ ಒಂದು ದೊಡ್ಡ ಚಿತ್ರಪರಂಪರೆಯ ಮಾತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ಹೊತ್ತಿಗೆ ಟಿಬೆಟ್ಟಿನ ನಿರಾಶ್ರಿತರು ಬಂದು ನೆಲೆಸಿದರು. ಆಗಿನ ಮೈಸೂರು ಸರ್ಕಾರ ಅವರಿಗೆ ಜಮೀನು ಕೊಟ್ಟಿತು. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ನಾಮ್‌ಡ್ರೋಲಿಂಗ್ ಮಠವನ್ನು ಶುರುಮಾಡಿದರು. 1999ರಲ್ಲಿ ಅಲ್ಲಿ ತೆರೆದ ಚಿನ್ನದ ದೇಗುಲದಲ್ಲಿ 60 ಅಡಿಯ ಬುದ್ಧ, ಇಕ್ಕೆಲದಲ್ಲಿ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯುಸ್. ನಮ್ಮ ಜನ ಮೂರ್ತಿಗಳ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಗೋಡೆಗಳ ಮೇಲಿರುವ ಚಿತ್ರಗಳ ಮುಂದೆ ನಿಲ್ಲುವವರು ಬೆರಳೆಣಿಕೆಯಷ್ಟು.

ಅಲ್ಲಿ ಥಾಂಕಾ ಎಂಬ ಬಟ್ಟೆಚಿತ್ರ ಬರೆಯುವವರೊಬ್ಬರ ಪಕ್ಕ ನಾನು ಬಹಳ ಹೊತ್ತು ಕೂತಿದ್ದೇನೆ. ಹತ್ತಿಬಟ್ಟೆಯನ್ನು ಚೌಕಟ್ಟಿಗೆ ದಾರದಿಂದ ಬಿಗಿಯುತ್ತಾರೆ. ಸುಣ್ಣದ ಪುಡಿ, ಅಂಟು ಕಲಸಿ ಬಳಿದು, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ಉಜ್ಜಿ ನುಣುಪು ಮಾಡುತ್ತಾರೆ. ನಮ್ಮ ಮೈಸೂರು ಶೈಲಿಯವರೂ ಹಲಗೆಯನ್ನು ಇಷ್ಟೇ ತಾಳ್ಮೆಯಿಂದ ಹದ ಮಾಡುತ್ತಿದ್ದರು. ಆಮೇಲೆ ಅಳತೆಯ ಗೆರೆಗಳು. ಕಾಲಚಕ್ರ ತಂತ್ರಗ್ರಂಥದ ಲೆಕ್ಕ ಹಿಡಿದರೆ ಬುದ್ಧನ ಮೈ 125 ಅಂಗುಲ. ಹುಬ್ಬು ಎಲ್ಲಿ, ಹೊಕ್ಕುಳು ಎಲ್ಲಿ, ಕಿವಿಯ ತುದಿ ಎಲ್ಲಿಗೆ ಎಂಬುದೆಲ್ಲ ಆ ಗೆರೆಗಳಲ್ಲೇ ನಿಗದಿ. ಚಿತ್ರಕಾರ ತನ್ನ ಇಷ್ಟಕ್ಕೆ ಮೂಗನ್ನು ಒಂದು ಎಳೆ ಉದ್ದ ಮಾಡುವಂತಿಲ್ಲ. ಎಲ್ಲ ಮುಗಿದ ಮೇಲೆ, ಕಡೆಗೆ, ಕಣ್ಣು. ನಾವು ದೇವಸ್ಥಾನದಲ್ಲಿ ವಿಗ್ರಹಕ್ಕೆ ಕೊನೆಯಲ್ಲಿ ದೃಷ್ಟಿ ಇಡುವ ಹಾಗೆಯೇ. ಅವರಿಗೂ ಅದು ಕಣ್ಣು ತೆರೆಸುವ ಕೆಲಸ. ಚಿತ್ರದ ಹಿಂಬದಿಯಲ್ಲಿ ದೇವತೆಯ ಹಣೆ, ಗಂಟಲು, ಎದೆಯ ನೇರಕ್ಕೆ ಓಂ, ಆಃ, ಹೂಂ ಎಂಬ ಮೂರು ಬೀಜಾಕ್ಷರ. ಬರೆದವನ ಹೆಸರು ಸಾಮಾನ್ಯವಾಗಿ ಎಲ್ಲಿಯೂ ಇಲ್ಲ.

ಹಾಗಿದ್ದರೆ ಇಲ್ಲಿ ಅಭಿವ್ಯಕ್ತಿ ಎಲ್ಲಿದೆ? ಕಾಲೇಜಿನಲ್ಲಿ ಕಲೆ ಓದಿದ ಹುಡುಗರು ಈ ಪ್ರಶ್ನೆಯನ್ನು ನನ್ನನ್ನು ಕೇಳಿದ್ದಾರೆ. ಅಳತೆ ಶಾಸ್ತ್ರದ್ದು, ಬಣ್ಣ ಶಾಸ್ತ್ರದ್ದು, ದೇವತೆ ಶಾಸ್ತ್ರದ್ದು, ಇವನದು ಏನು? ನಾನು ಅವರಿಗೆ ಹೇಳುವುದಿಷ್ಟು. ಒಂದೇ ದೇವತೆಯ ಎರಡು ಥಾಂಕಾಗಳನ್ನು ಅಕ್ಕಪಕ್ಕ ತೂಗುಹಾಕಿ ನಿಧಾನವಾಗಿ ನೋಡಿ. ಗೆರೆಗಳು ಮುಗಿಯುವ ಕಡೆ, ಮೋಡದ ಸುರುಳಿಯಲ್ಲಿ, ನೀರಿನಲ್ಲಿ, ಬಂಡೆಯ ಸಂದಿಯ ಹೂವಿನಲ್ಲಿ, ಕೈ ಬೇರೆ ಎಂದು ತಿಳಿಯುತ್ತದೆ. ಇನ್ನೂ ನೋಡಿದರೆ ತುಟಿಯ ಅಂಚಿನಲ್ಲೂ ತಿಳಿಯುತ್ತದೆ, ಅಳತೆ ಒಂದೇ ಇದ್ದರೂ. ಒಬ್ಬನ ಬುದ್ಧ ಈಗ ತಾನೆ ಕಣ್ಣು ಮುಚ್ಚಲು ಹೊರಟಿದ್ದಾನೆ, ಇನ್ನೊಬ್ಬನ ಬುದ್ಧ ಈಗ ತಾನೆ ತೆರೆದಿದ್ದಾನೆ. ತನ್ನನ್ನು ತೋರಿಸಿಕೊಳ್ಳಬೇಕೆಂದು ಅವರಿಬ್ಬರೂ ಹೊರಟವರಲ್ಲ. ತಮ್ಮ ಪಾಲಿನ ಗಮನವನ್ನು ಪೂರ್ತಿ ಕೊಟ್ಟರು. ಆ ಗಮನದ ಗುರುತು ಬಟ್ಟೆಯ ಮೇಲೆ ಉಳಿಯಿತು. ಅಭಿವ್ಯಕ್ತಿ ಎಂದು ನಾನು ಕರೆಯುವುದು ಆ ಗುರುತನ್ನು. ನಮ್ಮ ಜಿಲ್ಲೆಯದೇ ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂಬ ರೂವಾರಿ ತಾಳಮಾನದ ಅಳತೆಯಲ್ಲೇ ಕಡೆದ ವಿಗ್ರಹಗಳ ಕೆಳಗೆ ತನ್ನ ಹೆಸರು ಕೆತ್ತಿದ. ಹೆಸರಿಟ್ಟರೂ ಇಡದಿದ್ದರೂ ಕೈ ಅಡಗುವುದಿಲ್ಲ.

ಬೈಲಕುಪ್ಪೆಯ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ದೇಶದ ಹಳೆಯ ಚಿತ್ರಶಾಸ್ತ್ರಗಳಲ್ಲಿ ನಗ್ನಜಿತ್ತನ 'ಚಿತ್ರಲಕ್ಷಣ' ಒಂದು. ಅದರ ಸಂಸ್ಕೃತ ಮೂಲ ಭಾರತದಲ್ಲಿ ಉಳಿಯಲಿಲ್ಲ. ಟಿಬೆಟ್ಟಿನವರು ತಮ್ಮ ಭಾಷೆಗೆ ಅನುವಾದ ಮಾಡಿಟ್ಟುಕೊಂಡಿದ್ದರಿಂದ ಉಳಿಯಿತು. ಬೆರ್ಥೋಲ್ಡ್ ಲೌಫರ್ ಅದನ್ನು ಅಲ್ಲಿಂದ ಜರ್ಮನ್ ಭಾಷೆಗೆ ತಂದು 1913ರಲ್ಲಿ ಅಚ್ಚು ಮಾಡಿಸಿದ. ಆ ಗ್ರಂಥದಲ್ಲಿ ಚಿತ್ರಕಲೆ ಹುಟ್ಟಿದ ಬಗೆ ಹೀಗಿದೆ. ಒಬ್ಬ ಬ್ರಾಹ್ಮಣನ ಮಗ ಅಕಾಲದಲ್ಲಿ ಸತ್ತ. ತಂದೆ ಅಳುತ್ತ ರಾಜನ ಬಳಿಗೆ ಬಂದ. ರಾಜ ಯಮನನ್ನು ಕೇಳಿದ, ಕೊಡದಿದ್ದಾಗ ಯುದ್ಧಕ್ಕೇ ನಿಂತ. ಬ್ರಹ್ಮ ನಡುವೆ ಬಂದು, ಆ ಹುಡುಗ ಹೇಗಿದ್ದನೋ ಹಾಗೆಯೇ ಚಿತ್ರ ಬರೆ ಎಂದ. ರಾಜ ಬರೆದ. ಬ್ರಹ್ಮ ಅದಕ್ಕೆ ಜೀವ ಕೊಟ್ಟು ಮಗನನ್ನು ತಂದೆಯ ಕೈಗಿತ್ತ.

ಈ ಕಥೆ ನನ್ನನ್ನು ಬಹಳ ವರ್ಷ ಕಾಡಿದೆ. ರಾಜನ ಉದ್ದೇಶ ಮೊದಲಿಗೆ ಚಿತ್ರವಲ್ಲ, ಹುಡುಗ. ಕುಂಚ ಹಿಡಿದಾಗ ಅವನು ಏನನ್ನೂ 'ಹೇಳಲು' ಹೊರಟಿರಲಿಲ್ಲ. ಆ ಮುಖವನ್ನು ತಪ್ಪಿಲ್ಲದೆ ನೆನೆಯಲು ಹೊರಟಿದ್ದ. ಹುಬ್ಬು ತಪ್ಪಿದರೆ ಇನ್ಯಾರದೋ ಮಗ ಎದ್ದು ಕೂರುತ್ತಾನೆ! ಅಷ್ಟು ಭಯ, ಅಷ್ಟು ಪ್ರೀತಿ ಇಟ್ಟು ನೋಡುವುದನ್ನು ಆ ಗ್ರಂಥ ಚಿತ್ರದ ಮೊದಲ ದಿನವೆಂದು ಎಣಿಸುತ್ತದೆ. ಭಾರತದಲ್ಲಿ ಕಳೆದುಹೋದ ಆ ಪಾಠವನ್ನು ಹಿಮಾಲಯದಾಚೆ ಕಾಪಾಡಿದ ಜನ, ತಮ್ಮ ನೆಲ ಕಳೆದುಕೊಂಡು, ಅಂಗುಲದ ಲೆಕ್ಕವನ್ನು ಜೊತೆಗೆ ಹೊತ್ತು, ನಮ್ಮ ಪಿರಿಯಾಪಟ್ಟಣದ ಜೋಳದ ಹೊಲಗಳ ನಡುವೆ ಬಂದು ನೆಲೆಸಿದ್ದಾರೆ. ಹುಣಸೂರಿನಿಂದ ಬಸ್ಸು ಹತ್ತಿದರೆ ಬೆಳಗಿನ ಹೊತ್ತಿನೊಳಗೆ ತಲುಪಬಹುದಾದ ಜಾಗ.

ಹೀಗೆ ನೆನೆದು ಬರೆದ ಚಿತ್ರಗಳು ಮೈಸೂರಿನಲ್ಲೂ ಇವೆ. ಅಲ್ಲಿಯ ಅರಮನೆಯ ಕಲ್ಯಾಣಮಂಟಪವನ್ನು ನೀವೆಲ್ಲ ಕಂಡಿದ್ದೀರಿ. ಅದರ ಗೋಡೆಯ ಸುತ್ತ ದಸರಾ ಮೆರವಣಿಗೆಯ 26 ಚಿತ್ರಗಳಿವೆ. 1934ರಿಂದ 1945ರ ನಡುವೆ ಮೈಸೂರಿನ ಹಲವು ಚಿತ್ರಕಾರರು, ಫೋಟೋಗಳನ್ನು ಆಧಾರವಾಗಿಟ್ಟುಕೊಂಡು ಬರೆದವು. ಆ ಕಾಲದ ಫೋಟೋ ಕಪ್ಪು ಬಿಳುಪು. ಜೂಲಿನ ಕೆಂಪು, ರುಮಾಲಿನ ಜರತಾರಿ, ಸಂಜೆಯ ಬಿಸಿಲು ಬಿದ್ದ ಗೋಡೆ ಎಲ್ಲಿಂದ ಬಂದವು? ಅವರು ಜನರ ನಡುವೆ ನಿಂತು ಕಂಡ ದಸರೆಗಳಿಂದ. ಫೋಟೋ ಅವರಿಗೆ ಯಾರು ಯಾರ ಪಕ್ಕ ನಡೆದರು ಎಂದು ಹೇಳಿತು, ಅಷ್ಟೇ.

ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರವನ್ನೂ ಹೇಳದೆ ಬಿಡುವಂತಿಲ್ಲ, ನಮ್ಮ ಶಾಲಾ ಪ್ರವಾಸಗಳೆಲ್ಲ ಅಲ್ಲಿಗೇ ಹೋಗುವುದರಿಂದ. ಈಗಲೂ ಎಷ್ಟೋ ಮಂದಿ ಅದನ್ನು ರವಿವರ್ಮನ ಚಿತ್ರ ಎನ್ನುತ್ತಾರೆ. ಅದನ್ನು ಬರೆದವರು ಎಸ್.ಎಲ್. ಹಲದಣಕರ್, 1940ರ ದಶಕದಲ್ಲಿ, ಜಲವರ್ಣದಲ್ಲಿ. ದೀಪ ಹಿಡಿದು ನಿಂತವರು ಅವರ ಮಗಳು. ಜಲವರ್ಣದಲ್ಲಿ ತಪ್ಪಿದ್ದನ್ನು ಒರೆಸಿ ತಿದ್ದುವುದು ಕಷ್ಟ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ನಡುವೆ ಕೆಂಪಗೆ ಹಾಯುವ ಬೆಳಕನ್ನು ಮಕ್ಕಳಿಗೆ ತೋರಿಸಿ, ಅವತ್ತು ಸಂಜೆ ಮನೆಗೆ ಹೋಗಿ ದೀಪದ ಮುಂದೆ ಕೈ ಹಿಡಿದು ನೋಡಲು ಹೇಳಿ. ಆ ಕೆಂಪನ್ನು ತನ್ನ ಬೆರಳಲ್ಲಿ ಕಂಡ ಮಗು ಇನ್ನು ಮುಂದೆ ಕೈಯನ್ನು ಒಂದೇ ಬಣ್ಣದಲ್ಲಿ ತುಂಬುವುದಿಲ್ಲ.

ಆದರೆ ಹೀಗೆ ತೋರಿಸಿಕೊಡಲು ಶಾಲೆಯಲ್ಲಿ ಬಿಡುವೆಲ್ಲಿ? ನಾನು ಕೆಲಸಕ್ಕೆ ಸೇರಿದಾಗ ಚಿತ್ರಕಲೆಯ ಪೀರಿಯಡ್ ವಾರಕ್ಕೆ ಒಂದೋ ಎರಡೋ ಇರುತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ ಅದನ್ನೂ ಗಣಿತಕ್ಕೆ ಬಿಟ್ಟುಕೊಡಬೇಕಾಗುತ್ತಿತ್ತು. ಈಗ ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆ ಮೇಷ್ಟ್ರೇ ಇಲ್ಲ. ಇದ್ದ ಕಡೆಯೂ ಅವರ ಕೈಗೆ ರಾಷ್ಟ್ರೀಯ ಹಬ್ಬದ ಬ್ಯಾನರು, ಗೋಡೆ ಬರಹ, ಮತದಾರರ ಪಟ್ಟಿ. ಮಕ್ಕಳ ಕೈಗೆ ಮೊಬೈಲು; ಅದರಲ್ಲಿ ಹುಡುಕಿದರೆ ಸೊಂಡಿಲು ಕಿವಿ ಎಲ್ಲ ಇರುವ ಸಾವಿರ ಆನೆ ಸಿಗುತ್ತವೆ. ನಾಗರಹೊಳೆ, ಕಾಕನಕೋಟೆಯ ಅಂಚಿನಲ್ಲಿ ಹುಟ್ಟಿ, ಕಾಡಿನೊಳಗೆ ಆನೆಯ ಕಾಲನ್ನು ಕಣ್ಣಾರೆ ಕಂಡ ಮಗುವೂ ಆ ಸಾವಿರದಲ್ಲಿ ಒಂದನ್ನು ನೋಡಿ ನಕಲು ಮಾಡುತ್ತದೆ, ಅದಕ್ಕೆ ಪೂರ್ತಿ ಅಂಕ ಸಿಗುತ್ತದೆ. ನನ್ನ ಸಂಕಟ ಇದು.

ಈ ಸಭೆಯಲ್ಲಿ ಶಿಕ್ಷಕರಿದ್ದೀರಿ, ತಂದೆತಾಯಿಗಳಿದ್ದೀರಿ, ಪಂಚಾಯಿತಿಯವರೂ ಇದ್ದೀರಿ. ಖಾಲಿ ಬಿದ್ದಿರುವ ಚಿತ್ರಕಲಾ ಶಿಕ್ಷಕರ ಜಾಗಗಳನ್ನು ತುಂಬಿಸಲು ಕೇಳಿ, ಕೇಳುತ್ತಲೇ ಇರಿ. ವರ್ಷಕ್ಕೊಮ್ಮೆ ಮಕ್ಕಳನ್ನು ಬೈಲಕುಪ್ಪೆಗೆ ಕರೆದುಕೊಂಡು ಹೋಗಿ, ಮೂರ್ತಿಗಳ ಮುಂದೆ ಹತ್ತು ನಿಮಿಷ ಸಾಕು, ಗೋಡೆಗಳ ಮುಂದೆ ಒಂದು ಗಂಟೆ ನಿಲ್ಲಿಸಿ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಇದೆ ಎಂಬುದನ್ನು ನೆನಪಿಡಿ. ಮತ್ತೆ ಮನೆಯಲ್ಲಿ, ಶಾಲೆಯಲ್ಲಿ, ಒಂದು ಮಗು ತಾನು ಬರೆದ ಹಾಳೆಯನ್ನು ನಿಮ್ಮ ಮುಂದೆ ಹಿಡಿದಾಗ "ಇದೇನು?" ಎಂದು ಕೇಳಬೇಡಿ. "ಇದನ್ನ ಎಲ್ಲಿ ನಿಂತು ನೋಡಿದೆ ಮಗ?" ಎಂದು ಕೇಳಿ.